ಒಂಬತ್ತಂಕಣದ ಮನೆಗೆ ಒಂದು ಅಂಕಣವಿಲ್ಲ

ಆರ್ಕಿಟೆಕ್ಚರ್ ಕಾಲೇಜಿನ ಅಸಿಸ್ಟೆಂಟ್ ಪ್ರೊಫೆಸರ್ ಒಬ್ಬರು ನಲವತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಹಳ್ಳಿಯೊಂದರ ಹಳೆಯ ತೊಟ್ಟಿ ಮನೆಯನ್ನು ಅಳೆಯಲು ಹೋಗುತ್ತಾರೆ ಎಂದಿಟ್ಟುಕೊಳ್ಳೋಣ. ಐದು ದಿನ ಟೇಪು, ತೂಗುಗುಂಡು, ಬಟರ್ ಪೇಪರ್ ಹಿಡಿದು ಜಗಲಿಯ ಎತ್ತರ, ಪಡಸಾಲೆಯ ಕಂಬದ ಬೋದಿಗೆ, ಜಂತಿಯಿಂದ ಜಂತಿಗಿರುವ ಅಂತರ, ತೊಟ್ಟಿಯ ನೀರು ಹರಿದುಹೋಗಲು ಕಲ್ಲಿಗೆ ಕೊಟ್ಟ ವಾಟ, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಊರಿಗೆ ಮರಳಿದ ಮೇಲೆ ಅಳತೆಗಳನ್ನು ಒಂದಕ್ಕೊಂದು ತಾಳೆ ನೋಡಿ, ತಪ್ಪಿದ್ದನ್ನು ಮತ್ತೆ ಬರೆಸಿ, ಇಪ್ಪತ್ತೈದು ಮೂವತ್ತು ಹಾಳೆಗಳ ನಕ್ಷೆ ಸಿದ್ಧಪಡಿಸಲು ಇನ್ನೊಂದು ತಿಂಗಳು ಹಿಡಿಯುತ್ತದೆ. ನಾಳೆ ಅಣ್ಣತಮ್ಮಂದಿರ ಪಾಲಾಗಿ ಆ ಮನೆ ಉರುಳಿದರೆ ಅದರ ನಿಖರವಾದ ದಾಖಲೆಯಾಗಿ ಉಳಿಯುವುದು ಆ ಹಾಳೆಗಳು ಮಾತ್ರ.

ವರ್ಷದ ಕೊನೆಗೆ ಅದೇ ಅಧ್ಯಾಪಕರು ತಮ್ಮ ಸ್ವಯಂ ಮೌಲ್ಯಮಾಪನದ ನಮೂನೆ ತುಂಬಲು ಕೂರುತ್ತಾರೆ. ಹಳೇ ಮೈಸೂರಿನ ಕಡೆ ಮನೆಯ ಗಾತ್ರವನ್ನು ಅಂಕಣದ, ಅಂದರೆ ಕಂಬದಿಂದ ಕಂಬದ ನಡುವಿನ ಜಾಗದ ಲೆಕ್ಕದಲ್ಲಿ ಹೇಳುವ ರೂಢಿಯಿತ್ತು: ಏಳಂಕಣದ ಮನೆ, ಒಂಬತ್ತಂಕಣದ ಮನೆ. ಈ ನಮೂನೆಯಲ್ಲೂ ಅಂಕಣಗಳಿವೆ. ಸಂಶೋಧನಾ ಪ್ರಬಂಧ, ಪುಸ್ತಕ, ಪೇಟೆಂಟ್, ಪಿಎಚ್‌ಡಿ ಮಾರ್ಗದರ್ಶನ, ಆಹ್ವಾನಿತ ಉಪನ್ಯಾಸ ಹೀಗೆ ಪ್ರತಿಯೊಂದಕ್ಕೂ ಒಂದೊಂದು. ಆ ಮೂವತ್ತು ಹಾಳೆಗಳನ್ನು ಬರೆಯಲು ಮಾತ್ರ ಅಲ್ಲಿ ಅಂಕಣವಿಲ್ಲ.

ಆರ್ಕಿಟೆಕ್ಚರ್ ಬೋಧನೆಗೆ ಹೊಸದಾಗಿ ಬಂದವರ ಬಡ್ತಿಯ ಸಮಸ್ಯೆ ಮೊದಲು ಸಂಬಳದ ಪ್ರಶ್ನೆಯಾಗಿ ಕಾಣಿಸುತ್ತದೆ, ಆಮೇಲೆ ಕಾಯಂ ಆಗುವ ಪ್ರಶ್ನೆಯಾಗಿ. ಎರಡೂ ನಿಜ. ಆದರೆ ಅವುಗಳ ಕೆಳಗೆ ಇನ್ನೊಂದು ಪದರವಿದೆ. ವಿನ್ಯಾಸ ಕಲಿಸುವ ಸ್ಟುಡಿಯೋ, ಸೈಟು, ನಕ್ಷೆಗಳ ಮೇಲೆ ನಿಂತಿರುವ ಒಂದು ವಿದ್ಯೆಯನ್ನು ಬೇರೆ ವಿದ್ಯೆಗಳಿಗಾಗಿ ಮಾಡಿದ ಅಳತೆಗೋಲಿನಿಂದ ಅಳೆಯಲಾಗುತ್ತಿದೆ. ಅಳತೆಗೋಲು ಯಾರ ಕೈಯಲ್ಲಿರಬೇಕು ಎಂಬುದೇ ಬಹುಕಾಲ ಇತ್ಯರ್ಥವಾಗಿರಲಿಲ್ಲ ಎಂಬುದು ಇದರ ಜೊತೆಗೆ ಸೇರಿಕೊಂಡ ಗೊಂದಲ.

ಆ ಗೊಂದಲದ ಮೂಲ ಎರಡು ಕಾಯ್ದೆಗಳಲ್ಲಿದೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ಹುಟ್ಟಿದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ಗೆ ಈ ಶಿಕ್ಷಣದ ಕನಿಷ್ಠ ಗುಣಮಟ್ಟವನ್ನು ನಿಗದಿಪಡಿಸುವ ಅಧಿಕಾರವಿದೆ. 1987ರಲ್ಲಿ ಬಂದ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಕಾಯ್ದೆಯು ‘ತಾಂತ್ರಿಕ ಶಿಕ್ಷಣ’ದ ವ್ಯಾಖ್ಯೆಯೊಳಗೆ ಆರ್ಕಿಟೆಕ್ಚರನ್ನೂ ಸೇರಿಸಿಕೊಂಡಿತು. ಹೀಗಾಗಿ ಒಂದೇ ಕಾಲೇಜು ಇಬ್ಬರು ಯಜಮಾನರಿಗೆ ಲೆಕ್ಕ ಒಪ್ಪಿಸಬೇಕಾಯಿತು. ಕೊಲ್ಹಾಪುರದ ಕಾಲೇಜೊಂದರ ಪ್ರಕರಣದಲ್ಲಿ 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಆರ್ಕಿಟೆಕ್ಚರ್ ಶಿಕ್ಷಣದ ಮಟ್ಟಿಗೆ ಕೌನ್ಸಿಲ್‌ನ ಮಾನದಂಡಗಳೇ ಮೇಲುಗೈ ಎಂದು ತೀರ್ಪಿತ್ತಿತು. ಮರುವರ್ಷ ಕೌನ್ಸಿಲ್ ತನ್ನ 1983ರ ನಿಯಮಾವಳಿಯ ಜಾಗದಲ್ಲಿ 2020ರ ಹೊಸ ನಿಯಮಾವಳಿ ತಂದಿತು. ಇಷ್ಟಾದರೂ ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿ ನೇಮಕ, ಬಡ್ತಿ ಎಂದೊಡನೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ 2018ರ ನಿಯಮಾವಳಿ ಮೇಜಿನ ಮೇಲೆ ಬರುತ್ತದೆ. ಕರ್ನಾಟಕದಲ್ಲಿ ಹೆಚ್ಚಿನ ಕಾಲೇಜುಗಳಿಗೆ ಸಂಯೋಜನೆ ಕೊಡುವ ವಿಟಿಯುವಿನ ಸ್ಥಳೀಯ ವಿಚಾರಣಾ ಸಮಿತಿ, ಅಂದರೆ ಸ್ಟಾಫ್ ರೂಮಿನ ಮಾತಿನಲ್ಲಿ ‘ಎಲ್‌ಐಸಿ’, ಅದರ ಪಾಡಿಗೆ ಅದು ಬಂದು ಹೋಗುತ್ತದೆ. ಎಲ್‌ಐಸಿ ಬರುವ ದಿನ ರಜೆ ಕೇಳುವಂತಿಲ್ಲ ಎಂಬುದನ್ನು ಹೊಸ ಅಧ್ಯಾಪಕರು ಮೊದಲ ವಾರದಲ್ಲೇ ಕಲಿಯುತ್ತಾರೆ.

ಯುಜಿಸಿಯ ಏಣಿಯ ಮೆಟ್ಟಿಲುಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರುವುದು 10ನೇ ಹಂತದಲ್ಲಿ, ಏಳನೇ ವೇತನ ಆಯೋಗದ ಪ್ರಕಾರ 57,700 ರೂಪಾಯಿ ಮೂಲ ವೇತನಕ್ಕೆ. ಪಿಎಚ್‌ಡಿ ಇದ್ದವರು ನಾಲ್ಕು ವರ್ಷಕ್ಕೆ, ಇಲ್ಲದವರು ಐದು ಅಥವಾ ಆರು ವರ್ಷಕ್ಕೆ 68,900ರ 11ನೇ ಹಂತಕ್ಕೆ ಅರ್ಹರಾಗುತ್ತಾರೆ. ಅಲ್ಲಿಂದ ಐದು ವರ್ಷಕ್ಕೆ 79,800ರ 12ನೇ ಹಂತ. ಮತ್ತೆ ಮೂರು ವರ್ಷ ಕಳೆದರೆ ಅಸೋಸಿಯೇಟ್ ಪ್ರೊಫೆಸರ್ ಹುದ್ದೆ, ಮೂಲ ವೇತನ 1,31,400. ಅಂದರೆ ಪಿಎಚ್‌ಡಿ ಹಿಡಿದುಕೊಂಡೇ ಬಂದವರಿಗೂ ಕನಿಷ್ಠ ಹನ್ನೆರಡು ವರ್ಷದ ದಾರಿ. ಮೊದಲ ಎರಡು ಮೆಟ್ಟಿಲುಗಳ ಏರಿಕೆ ಹನ್ನೊಂದು ಸಾವಿರದ ಆಸುಪಾಸಿನದು, ಮೂರನೆಯದು ಐವತ್ತು ಸಾವಿರ ದಾಟಿದ್ದು. ಪಿಎಚ್‌ಡಿ ಇಲ್ಲದೆ ದಾಟಲಾಗದ ಗೇಟನ್ನು ನಿಲ್ಲಿಸಿರುವುದು ಆ ಮೂರನೆಯ ಮೆಟ್ಟಿಲಿನ ಬುಡದಲ್ಲಿ.

ಐದು ವರ್ಷವೋ ಆರು ವರ್ಷವೋ ಎಂಬಲ್ಲೇ ಮೊದಲ ತೊಡಕು. ಐದು ವರ್ಷದ ರಿಯಾಯಿತಿ ಇರುವುದು ಎಂಫಿಲ್ ಮಾಡಿದವರಿಗೆ ಮತ್ತು ‘ಎಲ್‌ಎಲ್‌ಎಂ, ಎಂಟೆಕ್, ಎಂವಿಎಸ್ಸಿ, ಎಂಡಿಯಂಥ’ ವೃತ್ತಿಪರ ಸ್ನಾತಕೋತ್ತರ ಪದವೀಧರರಿಗೆ. ಐದು ವರ್ಷದ ಬಿಆರ್ಕ್ ಮುಗಿಸಿ, ಮೇಲೆ ಎರಡು ವರ್ಷದ ಎಂಆರ್ಕ್ ಮಾಡಿದವರು ಆ ‘ಯಂಥ’ದೊಳಗೆ ಬರುತ್ತಾರೆಯೇ? ಬರಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಹೆಸರು ಅಲ್ಲಿ ಅಚ್ಚಾಗಿಲ್ಲದ ಕಾರಣ, ಕಡತ ನೋಡುವ ಗುಮಾಸ್ತರಿಗೆ ಅನುಮಾನ ಬಂದರೆ ಸ್ಪಷ್ಟನೆ ಕೋರಿ ಪತ್ರ ಬರೆಯುವ ಪಾಡು ಅಧ್ಯಾಪಕರದ್ದೇ.

ಅಂಕಗಳ ಕೋಷ್ಟಕಕ್ಕೆ ಬಂದರೆ ಇದೇ ಅನಾಥಸ್ಥಿತಿ ಇನ್ನಷ್ಟು ಢಾಳಾಗಿ ಕಾಣುತ್ತದೆ. ಸಂಶೋಧನಾ ಅಂಕಗಳ ಆ ಕೋಷ್ಟಕದಲ್ಲಿ ಎರಡು ಸಾಲುಗಳಿವೆ. ಒಂದು ಕಡೆ ವಿಜ್ಞಾನ, ಎಂಜಿನಿಯರಿಂಗ್, ಕೃಷಿ, ವೈದ್ಯಕೀಯ, ಪಶುವೈದ್ಯಕೀಯ. ಇನ್ನೊಂದು ಕಡೆ ಭಾಷೆ, ಮಾನವಿಕ, ಕಲೆ, ಸಮಾಜ ವಿಜ್ಞಾನ, ವಾಣಿಜ್ಯ, ಮ್ಯಾನೇಜ್‌ಮೆಂಟ್ ಮುಂತಾದವು. ಒಂದು ಪ್ರಬಂಧಕ್ಕೆ ಮೊದಲ ಗುಂಪಿನಲ್ಲಿ 8 ಅಂಕ, ಎರಡನೆಯದರಲ್ಲಿ 10. ಆರ್ಕಿಟೆಕ್ಚರ್ ಎಂಬ ಪದ ಎರಡರಲ್ಲೂ ಇಲ್ಲ. ಎಂಜಿನಿಯರಿಂಗ್ ಕಾಲೇಜಿನೊಳಗಿನ ವಿಭಾಗವಾದರೆ 8 ಎಂದೂ, ಕಲೆಯ ಕಡೆಗೆ ಒಲಿದ ವಿಶ್ವವಿದ್ಯಾಲಯವಾದರೆ 10 ಎಂದೂ ಹಿಡಿಯಬಹುದು. ಹೊಯ್ಸಳ ದೇವಾಲಯದ ನೆಲನಕ್ಷೆಯ ಬಗ್ಗೆ ಬರೆದ ಪ್ರಬಂಧವೊಂದು ಬರೆದವರ ಕಾಲೇಜು ಯಾವ ಕಾಂಪೌಂಡಿನೊಳಗಿದೆ ಎಂಬುದರ ಮೇಲೆ ಎಂಜಿನಿಯರಿಂಗ್ ಆಗಬಹುದು ಅಥವಾ ಕಲೆಯಾಗಬಹುದು.

ಎರಡು ಅಂಕದ ವ್ಯತ್ಯಾಸ ದೊಡ್ಡದಲ್ಲ, ಬಿಡಿ. ನಿಜವಾದ ಏಟು ಬೀಳುವುದು ಕಟ್ಟಿದ ಕೆಲಸಕ್ಕೆ. ಅದೇ ಕೋಷ್ಟಕದಲ್ಲಿ ಕಟ್ಟಡದ ವಿನ್ಯಾಸಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಹೇಗೋ ಹೊಂದಿಸುವುದಾದರೆ ‘ಕನ್ಸಲ್ಟೆನ್ಸಿ’ ಎಂಬಲ್ಲಿ ಹಾಕಬಹುದು, ಅದಕ್ಕಿರುವುದು 3 ಅಂಕ. ಅಸೋಸಿಯೇಟ್ ಪ್ರೊಫೆಸರ್ ಹುದ್ದೆಗೆ ನೇರ ನೇಮಕಾತಿಯಲ್ಲಿ ಬೇಕಾದದ್ದು ಪಿಎಚ್‌ಡಿ, ಎಂಟು ವರ್ಷದ ಅನುಭವ, ಏಳು ಪ್ರಕಟಣೆ, ಜೊತೆಗೆ 75 ಸಂಶೋಧನಾ ಅಂಕ. ಅಷ್ಟನ್ನೂ ಕಟ್ಟಡಗಳಿಂದ ತುಂಬಲು ಅವಕಾಶವಿದ್ದಿದ್ದರೂ ಇಪ್ಪತ್ತೈದು ಕಟ್ಟಡ ಬೇಕಾಗುತ್ತಿತ್ತು. ಅವಕಾಶ ಹೇಗೂ ಇಲ್ಲ, ಏಕೆಂದರೆ ಅಂಕಗಳು ಕನಿಷ್ಠ ಮೂರು ವರ್ಗಗಳಿಂದ ಬರಬೇಕು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವನ್ನು ವಿನ್ಯಾಸ ಮಾಡಿದ ಬಿ.ವಿ. ದೋಷಿ, 1962ರಲ್ಲಿ ಅಹಮದಾಬಾದಿನ ಆರ್ಕಿಟೆಕ್ಚರ್ ಶಾಲೆಯನ್ನು ಕಟ್ಟಿ ಬೆಳೆಸಿದ ಅಧ್ಯಾಪಕರೂ ಹೌದು. ಆರ್ಕಿಟೆಕ್ಚರಿನ ದೊಡ್ಡ ಅಂತರರಾಷ್ಟ್ರೀಯ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಅವರಿಗೆ ಬಂದದ್ದು 2018ರಲ್ಲಿ, ತೊಂಬತ್ತನೇ ವಯಸ್ಸಿನಲ್ಲಿ. ಅದೇ ವರ್ಷ ಹೊರಬಿದ್ದ ಈ ಕೋಷ್ಟಕದ ಪ್ರಕಾರ ಐಐಎಂ ಆವರಣದ ಬೆಲೆ 3 ಅಂಕ. ಅಂತರರಾಷ್ಟ್ರೀಯ ಪ್ರಶಸ್ತಿಗೆ 7 ಅಂಕ ಇದೆಯಾದ್ದರಿಂದ ಒಟ್ಟು 10 ಆಗುತ್ತಿತ್ತು. ಮಾನವಿಕ ವಿಭಾಗದ ಒಂದು ಪ್ರಬಂಧಕ್ಕೆ ಸಮ.

ಪ್ರಬಂಧ ಬರೆಯುವುದೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಆರ್ಕಿಟೆಕ್ಚರ್ ಶಾಲೆಗಳಲ್ಲಿ ಬರವಣಿಗೆಯ ಬಗ್ಗೆ ಒಂದು ಬಗೆಯ ಸೋಮಾರಿತನ ಬಹುಕಾಲ ಇದ್ದದ್ದು ನಿಜ. ವಿದ್ಯಾರ್ಥಿಗಳ ವಿನ್ಯಾಸವನ್ನು ಎದುರೆದುರೇ ಪ್ರಶ್ನಿಸಿ ಅಳೆಯುವ ‘ಜೂರಿ’ಯಲ್ಲಿ ಒಂದು ಗಂಟೆ ಸೊಗಸಾಗಿ ಮಾತನಾಡಬಲ್ಲವರು ಅದನ್ನೇ ನಾಲ್ಕು ಪುಟ ಬರೆದುಕೊಡಿ ಎಂದರೆ ಜಾರಿಕೊಳ್ಳುತ್ತಿದ್ದರು. ಆದರೆ ಅಂಕದ ಒತ್ತಡ ಆ ಸೋಮಾರಿತನವನ್ನು ಓಡಿಸಲಿಲ್ಲ, ಅದಕ್ಕೊಂದು ಅಡ್ಡದಾರಿ ತೋರಿಸಿತು. ಹಣ ತೆತ್ತು ಪ್ರಕಟಿಸುವ ನಿಯತಕಾಲಿಕಗಳು ಹುಟ್ಟಿಕೊಂಡವು; ವಿದ್ಯಾರ್ಥಿಯ ಥೀಸಿಸ್ಸಿನ ಒಂದು ಅಧ್ಯಾಯಕ್ಕೆ ಗೈಡ್ ಹೆಸರು ಸೇರಿಸಿ ಕಳುಹಿಸುವುದು ಮಾಮೂಲಾಯಿತು. ಇದನ್ನು ತಡೆಯಲು ಯುಜಿಸಿ 2019ರಲ್ಲಿ ‘ಕೇರ್’ ಎಂಬ ನಿಯತಕಾಲಿಕಗಳ ಪಟ್ಟಿ ತಂದಿತು, 2025ರ ಫೆಬ್ರುವರಿಯಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟು ಗುಣಮಟ್ಟ ನಿರ್ಧರಿಸುವ ಹೊಣೆಯನ್ನು ಆಯಾ ಸಂಸ್ಥೆಗಳಿಗೆ ಬಿಟ್ಟಿತು. ಪಟ್ಟಿ ನೋಡಿ ಪ್ರಬಂಧ ಕಳುಹಿಸಿದ ಕಿರಿಯ ಅಧ್ಯಾಪಕರು ಈಗ ತಮ್ಮ ಪ್ರಕಟಣೆ ಲೆಕ್ಕಕ್ಕೆ ಬರುತ್ತದೆಯೇ ಎಂದು ತಮ್ಮ ಕಾಲೇಜಿನ ಸಮಿತಿಯನ್ನೇ ಕೇಳಬೇಕು.

ಪಿಎಚ್‌ಡಿಯ ಗೇಟಿಗೂ ತನ್ನದೇ ಆದ ಇಕ್ಕಟ್ಟಿದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳ ಪ್ರಕಾರ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ ಎಂಟು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ಅಭ್ಯರ್ಥಿಗಳಿಗಷ್ಟೇ ಮಾರ್ಗದರ್ಶನ ಮಾಡಬಹುದು, ಅವರಿಗೆ ಸ್ವತಃ ಪಿಎಚ್‌ಡಿಯೂ ನಿಗದಿತ ಪ್ರಕಟಣೆಗಳೂ ಇರಬೇಕು. ಹಿಂದಿನ ತಲೆಮಾರಿನ ಹಿರಿಯ ಅಧ್ಯಾಪಕರಲ್ಲಿ ಅನೇಕರು ವೃತ್ತಿಯಲ್ಲಿ ಹೆಸರು ಮಾಡಿ ಬಂದವರು, ಪಿಎಚ್‌ಡಿ ಮಾಡಿದವರಲ್ಲ. ಹಾಗಾಗಿ ಗೈಡ್ ಸಿಗದವರು ಸಿವಿಲ್ ಎಂಜಿನಿಯರಿಂಗ್ ಅಥವಾ ಭೂಗೋಳ ವಿಭಾಗದ ಬಾಗಿಲು ತಟ್ಟುತ್ತಾರೆ, ವಿಷಯವನ್ನೂ ಅದಕ್ಕೆ ತಕ್ಕಂತೆ ಬಗ್ಗಿಸಿಕೊಳ್ಳುತ್ತಾರೆ. ಜಾಗದ ಅನುಭವ, ಬೆಳಕು, ಕಟ್ಟುವ ಕುಶಲತೆಯಂಥ ವಿಷಯಗಳು ಬದಿಗೆ ಸರಿದು, ಪ್ರಶ್ನಾವಳಿ ಹಂಚಿ ಶೇಕಡಾವಾರು ತೆಗೆಯಬಹುದಾದ ವಿಷಯಗಳು ಮುಂದೆ ಬರಲು ಇದೂ ಒಂದು ಕಾರಣ ಎಂಬುದು ನನ್ನ ಅಂದಾಜು.

ಇನ್ನು ಕಾಯಂ ಆಗುವ ಮಾತು. ಅಮೆರಿಕದ ‘ಟೆನ್ಯೂರ್’ ಪದವನ್ನು ನಮ್ಮವರೂ ಈಗ ಧಾರಾಳವಾಗಿ ಬಳಸುತ್ತಾರೆ, ಆದರೆ ಎರಡು ವ್ಯವಸ್ಥೆಗಳ ಒಳಗಿನ ಕಟ್ಟು ಬೇರೆ. ಅಲ್ಲಿನ ಪ್ರಾಧ್ಯಾಪಕರ ಸಂಘ 1940ರಲ್ಲಿ ರೂಪಿಸಿದ ತತ್ವದ ಪ್ರಕಾರ ಪರೀಕ್ಷಾರ್ಥ ಅವಧಿ ಏಳು ವರ್ಷ ಮೀರಬಾರದು. ಸಾಮಾನ್ಯವಾಗಿ ಆರನೇ ವರ್ಷ ಇಡೀ ಕೆಲಸದ ಕಡತವನ್ನು ಹೊರಗಿನ ತಜ್ಞರಿಗೆ ಕಳುಹಿಸಿ ಅಭಿಪ್ರಾಯ ತರಿಸುತ್ತಾರೆ, ಪಾಸಾದರೆ ಕಾಯಂ ಮತ್ತು ಬಡ್ತಿ ಒಟ್ಟಿಗೆ, ಇಲ್ಲವಾದರೆ ಬೇರೆ ಕೆಲಸ ಹುಡುಕಿಕೊಳ್ಳಬೇಕು. ಆರ್ಕಿಟೆಕ್ಚರ್ ಶಾಲೆಗಳ ಕಡತದಲ್ಲಿ ಕಟ್ಟಿದ ಕಟ್ಟಡ, ಗೆದ್ದ ಸ್ಪರ್ಧೆ, ಪ್ರದರ್ಶನ ಎಲ್ಲಕ್ಕೂ ಜಾಗವುಂಟು, ಅವು ಬೇರೆಯವರ ವಿಮರ್ಶೆಗೆ ಒಡ್ಡಿಕೊಂಡಿರಬೇಕು ಅಷ್ಟೇ. ಇಲ್ಲಿಂದ ಎಂಆರ್ಕ್‌ಗೆಂದು ಹೋಗಿ ಅಲ್ಲೇ ಪಾಠಕ್ಕೆ ನಿಂತ ಕನ್ನಡಿಗರಿಗೆ ಮೊದಲು ಅಚ್ಚರಿ ಹುಟ್ಟಿಸುವುದು ಈ ಜಾಗ, ಆಮೇಲೆ ನಿದ್ದೆ ಕೆಡಿಸುವುದು ಆ ಆರನೇ ವರ್ಷ. ಬ್ರಿಟನ್ನಿನಲ್ಲಿ 1988ರ ಶಿಕ್ಷಣ ಸುಧಾರಣಾ ಕಾಯ್ದೆ ಹೊಸ ನೇಮಕಾತಿಗಳಿಗೆ ಟೆನ್ಯೂರನ್ನೇ ಇಲ್ಲವಾಗಿಸಿತು.

ನಮ್ಮಲ್ಲಿ ಕಾಯಂ ಆಗುವುದಕ್ಕೂ ಬಡ್ತಿಗೂ ನಂಟಿಲ್ಲ. ಯುಜಿಸಿ ನಿಯಮದಲ್ಲಿ ಪ್ರೊಬೇಷನ್ ಒಂದು ವರ್ಷ, ಕೆಲಸ ತೃಪ್ತಿಕರವಲ್ಲದಿದ್ದರೆ ಹೆಚ್ಚೆಂದರೆ ಇನ್ನೊಂದು ವರ್ಷ. ಕಾಗದದ ಮೇಲೆ ಇಷ್ಟು ಉದಾರವಾದ ವ್ಯವಸ್ಥೆ ಅಮೆರಿಕದವರಿಗೂ ಇಲ್ಲ. ಆದರೆ ಆರ್ಕಿಟೆಕ್ಚರ್ ಕಲಿಸುವವರಲ್ಲಿ ದೊಡ್ಡ ಪಾಲು ಅನುದಾನರಹಿತ ಖಾಸಗಿ ಕಾಲೇಜುಗಳಲ್ಲಿ ಇದ್ದಾರೆ. ಅಲ್ಲಿ ವೇತನ ಶ್ರೇಣಿಯಿಲ್ಲದೆ ಬರೀ ಒಂದು ಮೊತ್ತ ಕೊಡುವ ‘ಕನ್ಸಾಲಿಡೇಟೆಡ್’ ಸಂಬಳ, ಹನ್ನೊಂದು ತಿಂಗಳ ಆದೇಶ, ಬೇಸಿಗೆ ರಜೆಯ ಹೊತ್ತಿಗೆ ಒಂದು ಬ್ರೇಕು, ಜುಲೈ ಆಗಸ್ಟಿನಲ್ಲಿ ಮತ್ತೆ ಹೊಸ ಆದೇಶ ಎಂಬ ಪದ್ಧತಿ ಅಪರೂಪವೇನಲ್ಲ. ಆ ಒಂದು ತಿಂಗಳ ಬ್ರೇಕಿನಲ್ಲಿ ಸೇವೆಯ ನಿರಂತರತೆ ತುಂಡಾಗುತ್ತದೆ, ಗ್ರಾಚ್ಯುಟಿಯಿಂದ ಹಿಡಿದು ಅನುಭವ ಪ್ರಮಾಣಪತ್ರದವರೆಗೆ ಎಲ್ಲದರ ಲೆಕ್ಕ ಏರುಪೇರಾಗುತ್ತದೆ.

ಕಾನೂನಿನ ಆಸರೆ ಇಲ್ಲವೆಂದಲ್ಲ, ಇದ್ದದ್ದೂ ತೆಳ್ಳಗೆ. ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದ್ದರಿಂದ ಕಾರ್ಮಿಕ ನ್ಯಾಯಾಲಯದ ಬಾಗಿಲು ಅವರಿಗೆ ಮುಚ್ಚಿತು. ಕರ್ನಾಟಕದಲ್ಲಿ 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯ್ದೆಯು ವಿಚಾರಣೆಯಿಲ್ಲದೆ ವಜಾ ಮಾಡುವುದನ್ನು ತಡೆಯುತ್ತದೆ, ಮೇಲ್ಮನವಿಗೆ ಶೈಕ್ಷಣಿಕ ನ್ಯಾಯಮಂಡಳಿಯನ್ನೂ ಒದಗಿಸುತ್ತದೆ. ಗ್ರಾಚ್ಯುಟಿಯ ವಿಚಾರದಲ್ಲಿ 2009ರ ತಿದ್ದುಪಡಿ ಶಿಕ್ಷಕರನ್ನು ಒಳಗೆ ತಂದಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆದೇಶದ ಅವಧಿಯೇ ಮುಗಿದುಹೋದವರನ್ನು ಯಾರೂ ವಜಾ ಮಾಡಬೇಕಾಗಿಲ್ಲ. ಹೊಸ ಆದೇಶ ಕೊಡದಿದ್ದರೆ ಸಾಕು.

ಹುದ್ದೆಗಳ ಸಂಖ್ಯೆ ವಿದ್ಯಾರ್ಥಿಗಳ ಸಂಖ್ಯೆಗೆ ಕಟ್ಟಿಕೊಂಡಿರುವುದು ಈ ಅಭದ್ರತೆಯ ಇನ್ನೊಂದು ಬೇರು. 1983ರ ನಿಯಮಾವಳಿ ಎಂಟು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂದಿತ್ತು. ವರ್ಷಕ್ಕೆ ನಲವತ್ತು ಸೀಟಿನ ಕಾಲೇಜಿನಲ್ಲಿ ಐದು ವರ್ಷಕ್ಕೆ ಇನ್ನೂರು ವಿದ್ಯಾರ್ಥಿಗಳು, ಆ ಲೆಕ್ಕಕ್ಕೆ ಇಪ್ಪತ್ತೈದು ಅಧ್ಯಾಪಕರು. ಪ್ರವೇಶ ಇಪ್ಪತ್ತಕ್ಕೆ ಇಳಿದ ವರ್ಷ ಆಡಳಿತ ಮಂಡಳಿ ಮೊದಲು ಕೈಯಿಡುವುದು ಕೊನೆಗೆ ಸೇರಿದವರ ಮೇಲೆ. ಹಾಗೆ ಹೋದವರ ಸ್ಟುಡಿಯೋ ಗಂಟೆಗಳು ಉಳಿದವರ ಹೆಗಲಿಗೆ ಬರುತ್ತವೆ. ಯುಜಿಸಿ ಲೆಕ್ಕದಲ್ಲಿ ಅಸಿಸ್ಟೆಂಟ್ ಪ್ರೊಫೆಸರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಸ್ಟುಡಿಯೋ ಮಾಡಿದವರಿಗೆ ಆ ಗಂಟೆಗಳ ಸ್ವಭಾವ ಗೊತ್ತು: ಒಬ್ಬೊಬ್ಬ ವಿದ್ಯಾರ್ಥಿಯ ಮೇಜಿನ ಮುಂದೆ ಕೂತು, ಅವನ ಟ್ರೇಸಿಂಗ್ ಹಾಳೆಯ ಮೇಲೆ ಇನ್ನೊಂದು ಹಾಳೆ ಹಾಸಿ, ಮೆಟ್ಟಿಲು ಯಾಕೆ ಇಲ್ಲಿ ಬಂತು ಎಂದು ಕೇಳಿ, ಅವನ ಉತ್ತರಕ್ಕೆ ಕಾಯಬೇಕು. ಗಂಟೆ ಬಾರಿಸಿದೊಡನೆ ಎದ್ದು ಹೋಗುವ ಪಾಠವಲ್ಲ ಅದು. ಜೂರಿಯ ಹಿಂದಿನ ವಾರವಂತೂ ಗಡಿಯಾರವೇ ಇಲ್ಲ. ಪ್ರಬಂಧ ಬರೆಯಲು ಉಳಿಯುವುದು ಭಾನುವಾರ, ಮನೆಯಲ್ಲಿ ಚಿಕ್ಕ ಮಗುವಿದ್ದರೆ ಅದೂ ಇಲ್ಲ. ಪಿಎಚ್‌ಡಿ ಮುಗಿಸಲು ಮಹಿಳೆಯರಿಗೆ ಎರಡು ಹೆಚ್ಚುವರಿ ವರ್ಷ ಕೊಡುವ ನಿಯಮವಿದೆ, ಒಳ್ಳೆಯದೇ, ಆದರೆ ಆ ಎರಡು ವರ್ಷ ತಡವಾಗಿ ಬಂದ ಪಿಎಚ್‌ಡಿಯಿಂದ ಬಡ್ತಿಯೂ ತಡವಾಗುವುದನ್ನು ಯಾವ ನಿಯಮವೂ ಸರಿದೂಗಿಸುವುದಿಲ್ಲ.

ಇಷ್ಟೆಲ್ಲದರ ನಡುವೆ ಅಧ್ಯಾಪಕರು ಪ್ರಾಕ್ಟೀಸ್ ಮಾಡಬೇಕೋ ಬೇಡವೋ? ಅಧ್ಯಾಪಕರು ಸಂಶೋಧನೆಯ ಜೊತೆಗೆ ವೃತ್ತಿಯಲ್ಲೂ ತೊಡಗುವಂತೆ ಸಂಸ್ಥೆಗಳು ಪ್ರೋತ್ಸಾಹಿಸಬೇಕು ಎಂದು ಕೌನ್ಸಿಲ್‌ನ 1983ರ ನಿಯಮಾವಳಿಯೇ ಹೇಳಿತ್ತು. ಸೈಟಿಗೆ ಹೋಗದವರು ಕಟ್ಟುವುದನ್ನು ಹೇಗೆ ಕಲಿಸಿಯಾರು ಎಂಬ ಸರಳ ವಿವೇಕ ಅದರ ಹಿಂದಿತ್ತು. ಆದರೆ ನೇಮಕಾತಿ ಪತ್ರಗಳಲ್ಲಿ ‘ಖಾಸಗಿ ವೃತ್ತಿ ನಿಷಿದ್ಧ’ ಎಂಬ ಸಾಲು ಎಂಜಿನಿಯರಿಂಗ್ ಕಾಲೇಜಿನ ನಮೂನೆಯಿಂದ ಹಾಗೇ ನಕಲಾಗಿ ಬಂದಿರುತ್ತದೆ. ಸಂಜೆ ಐದರ ಮೇಲೆ ಯಾರದೋ ಹೆಸರಿನಲ್ಲಿ ಮನೆಯ ಪ್ಲಾನ್ ಬರೆದುಕೊಡುವ ಅಧ್ಯಾಪಕರ ಬಗ್ಗೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಇತ್ತ ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆ ತೆರೆದು, ಮಂಜೂರಾದ ಹುದ್ದೆಗಳ ಶೇ 10ರವರೆಗೆ ಹದಿನೈದು ವರ್ಷದ ವೃತ್ತಿ ಅನುಭವಿಗಳನ್ನು ಪಿಎಚ್‌ಡಿಯ ಷರತ್ತಿಲ್ಲದೆ ತೆಗೆದುಕೊಳ್ಳಬಹುದು ಎಂದಿತು. ಅನುಭವಿಗಳು ಬರುವುದಕ್ಕೆ ನನ್ನ ಆಕ್ಷೇಪವಿಲ್ಲ. ಹೊರಗಿನಿಂದ ಬಂದವರ ಪ್ರಾಕ್ಟೀಸಿಗೆ ಪ್ರೊಫೆಸರ್ ಪದವಿ, ಒಳಗಿರುವವರ ಪ್ರಾಕ್ಟೀಸಿಗೆ ಮೆಮೊ ಎಂಬ ವ್ಯವಸ್ಥೆಯನ್ನು ಸಮರ್ಥಿಸುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ನಿಯಮಾವಳಿ ಅಂಕಗಳ ಕೋಷ್ಟಕವನ್ನೇ ಬಿಟ್ಟು, ಒಂಬತ್ತು ಬಗೆಯ ‘ಗಮನಾರ್ಹ ಕೊಡುಗೆ’ಗಳಲ್ಲಿ ನಾಲ್ಕನ್ನಾದರೂ ತೋರಿಸಬೇಕು ಎಂಬ ದಾರಿ ಹಿಡಿದಿತ್ತು. ಇಲ್ಲೂ ಒಂಬತ್ತಂಕಣ! ಹೊಸ ಬಗೆಯ ಬೋಧನೆ, ಕನ್ಸಲ್ಟೆನ್ಸಿ, ಭಾರತೀಯ ಭಾಷೆಗಳಲ್ಲಿ ಬೋಧನಾ ಕೊಡುಗೆ, ಭಾರತೀಯ ಜ್ಞಾನ ಪರಂಪರೆ, ಸಮುದಾಯದೊಂದಿಗಿನ ಕೆಲಸ ಇವೆಲ್ಲ ಆ ಪಟ್ಟಿಯಲ್ಲಿದ್ದವು. ತೊಟ್ಟಿ ಮನೆಯ ಹಾಳೆಗಳಿಗೆ ಕೊನೆಗೂ ಒಂದು ಗೂಡು ಸಿಗಬಹುದಾದ ಜಾಗ ಇದು. ಬೋದಿಗೆ, ಜಂತಿ, ತೊಲೆ, ವಾಟ ಎಂಬ ಪದಗಳನ್ನು ಹಿಡಿದು ಕನ್ನಡದಲ್ಲೇ ಪಠ್ಯ ಬರೆದವರಿಗೂ. ಆದರೆ ಗುತ್ತಿಗೆ ಅಧ್ಯಾಪಕರು ಒಟ್ಟು ಹುದ್ದೆಗಳ ಶೇ 10 ಮೀರಬಾರದು ಎಂದು 2018ರಲ್ಲಿ ಹಾಕಿದ್ದ ಮಿತಿಯನ್ನು ಅದೇ ಕರಡು ತೆಗೆದುಹಾಕಿತ್ತು. ಆ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ಕರಡನ್ನು ವಿರೋಧಿಸಿದಾಗ ಸುದ್ದಿಯಾದದ್ದು ಮುಖ್ಯವಾಗಿ ಕುಲಪತಿ ನೇಮಕದ ಅಧಿಕಾರ. ಕೆಳಗಿನ ಮೆಟ್ಟಿಲಿನವರಿಗೆ ಹೆಚ್ಚು ತಟ್ಟುವ ಆ ಗುತ್ತಿಗೆಯ ಸಾಲು ಅಷ್ಟು ಸದ್ದು ಮಾಡಲಿಲ್ಲ.

ಕಟ್ಟಡಕ್ಕೆ ಅಂಕ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿಲ್ಲ. ಯೋಜನೆಯ ಮೊತ್ತ ನೋಡಿ ಅಂಕ ಹಾಕಿದರೆ ಅಪ್ಪನ ಕಾಲದ ಕಚೇರಿ ಇರುವವರು ಮೊದಲ ದಿನವೇ ಗೆಲ್ಲುತ್ತಾರೆ, ಪ್ರಿನ್ಸಿಪಾಲರ ಫರ್ಮಿನ ಕೆಲಸಕ್ಕೆ ಇಡೀ ವಿಭಾಗದ ಹೆಸರು ಸೇರಿಕೊಳ್ಳುತ್ತದೆ. ಇದಕ್ಕೆ ಬೇಕಾದ ಸಾಧನ ಆರ್ಕಿಟೆಕ್ಚರ್ ಶಾಲೆಗಳ ಕೈಯಲ್ಲೇ ಇದೆ, ಅದೇ ಜೂರಿ. ಹೊರಗಿನಿಂದ ಇಬ್ಬರು ಮೂವರು ಪರೀಕ್ಷಕರು ಬಂದು, ನಕ್ಷೆಗಳನ್ನು ಗೋಡೆಗೆ ಅಂಟಿಸಿ, ಬರೆದವರನ್ನು ಎದುರು ನಿಲ್ಲಿಸಿ ಪ್ರಶ್ನಿಸುವ ಪದ್ಧತಿಯಲ್ಲಿ ವಿದ್ಯಾರ್ಥಿಗಳನ್ನು ಪ್ರತಿ ಸೆಮಿಸ್ಟರ್ ಅಳೆಯುತ್ತೇವೆ. ಮೂರು ವರ್ಷಕ್ಕೊಮ್ಮೆ ಅಧ್ಯಾಪಕರ ಕೆಲಸವನ್ನೂ, ಅದು ಕಟ್ಟಡವಾಗಲಿ, ಅಳತೆಯ ದಾಖಲೆಯಾಗಲಿ, ಸ್ಟುಡಿಯೋದ ಹೊಸ ಕ್ರಮವಾಗಲಿ, ಅದೇ ಗೋಡೆಗೆ ಅಂಟಿಸಿ, ಪರೀಕ್ಷಕರ ಲಿಖಿತ ಅಭಿಪ್ರಾಯವನ್ನು ಒಂದು ಪ್ರಕಟಣೆಗೆ ಸಮವೆಂದು ಒಪ್ಪಿಕೊಳ್ಳುವುದು ಕೌನ್ಸಿಲ್ ಮನಸ್ಸು ಮಾಡಿದರೆ ಸಾಧ್ಯ. 2019ರ ತೀರ್ಪಿನ ನಂತರ ಅದಕ್ಕೆ ಅಧಿಕಾರದ ಕೊರತೆಯ ನೆಪವಿಲ್ಲ.

ಅಲ್ಲಿಯವರೆಗೆ, ಈ ಜೂನ್ ಜುಲೈಯಲ್ಲಿ ಹೊಸದಾಗಿ ಸೇರುವವರು ನೇಮಕಾತಿ ಪತ್ರದಲ್ಲಿ ಮೂರು ಸಂಗತಿ ನೋಡಿಕೊಳ್ಳಬೇಕು. ವೇತನ ಶ್ರೇಣಿಯ ಹಂತ ಬರೆದಿದೆಯೇ ಅಥವಾ ಬರೀ ಮೊತ್ತವೇ, ಪ್ರೊಬೇಷನ್ ಮುಗಿಯುವ ದಿನಾಂಕ ಇದೆಯೇ, ಪ್ರಾಕ್ಟೀಸಿನ ಬಗ್ಗೆ ಏನು ಹೇಳಿದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಕೇಳಿ ಬರೆಸಿಕೊಳ್ಳುವ ಹೊತ್ತು ಸೇರುವ ದಿನದ ಬೆಳಗ್ಗೆ, ಮೂಲ ಅಂಕಪಟ್ಟಿಗಳನ್ನು ಕಾಲೇಜಿನ ಆಫೀಸಿನವರ ಕೈಗೆ ಕೊಡುವುದಕ್ಕೆ ಮುಂಚೆ.